ವಿಕಲಚೇತನರಿಗೆ ವಿದೇಶಿ ವಿನಿಮಯ ಕಾರ್ಯಕ್ರಮ: ಅರ್ಜಿಯಿಂದ ಗ್ರಾಮಸಭೆಯವರೆಗೆ

‘ಜಪಾನಿನವರು ವಿಕಲಚೇತನರನ್ನು ಕರೆಸಿಕೊಂಡು ತರಬೇತಿ ಕೊಡುತ್ತಾರಂತೆ, ನಿಜವೇ? ಖರ್ಚು ಯಾರದು? ಸಹಾಯಕ್ಕೆ ಅಣ್ಣನನ್ನೂ ಕರೆದೊಯ್ಯಬಹುದೇ?’ ಪಾವಗಡದಿಂದ, ಮುಳಬಾಗಿಲಿನಿಂದ, ಗೌರಿಬಿದನೂರಿನಿಂದ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿದೆ; ಎಲ್ಲವನ್ನೂ ಒಂದೆಡೆ ಬರೆದಿಡುತ್ತಿದ್ದೇನೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

‘ವಿನಿಮಯ’ ಎಂದರೆ ಒಂದು ದೇಶದವರು ಇನ್ನೊಂದು ದೇಶಕ್ಕೆ ಕೆಲವು ವಾರ ಅಥವಾ ತಿಂಗಳ ಮಟ್ಟಿಗೆ ಹೋಗಿ, ಅಲ್ಲಿನದನ್ನು ನೋಡಿ, ಇಲ್ಲಿನದನ್ನು ಹೇಳಿ, ಮರಳಿ ಬರುವುದು. ಇದು ಉದ್ಯೋಗವಲ್ಲ, ಪ್ರವಾಸವಲ್ಲ, ಚಿಕಿತ್ಸೆಯಂತೂ ಅಲ್ಲ. ‘ಅಲ್ಲಿ ಆಪರೇಷನ್ ಮಾಡಿಸುತ್ತಾರಾ’ ಎಂದು ಕೇಳುವವರಿಗೆ ಈ ಲೇಖನದಿಂದ ಪ್ರಯೋಜನವಿಲ್ಲ.

ಇದು ಯಾರೋ ಧರ್ಮಕ್ಕೆ ಕೊಡುವ ಅವಕಾಶವೂ ಅಲ್ಲ. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರ ಅಕ್ಟೋಬರ್ 1ರಂದು ಅನುಮೋದಿಸಿತು. ಅದರ 32ನೇ ವಿಧಿ ಅಂತರರಾಷ್ಟ್ರೀಯ ಸಹಕಾರದ ಬಗ್ಗೆ, ಅನುಭವ ಮತ್ತು ತರಬೇತಿಯ ಹಂಚಿಕೆಯ ಬಗ್ಗೆಯೇ ಇದೆ. ನಮ್ಮ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ ಹುಟ್ಟಿದ್ದು ಆ ಒಡಂಬಡಿಕೆಯಿಂದ.

ವಿನಿಮಯದಿಂದ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಮೆಟ್ರೊ ನಿಲ್ದಾಣದ ನೆಲ ನೋಡಿ. ಹಳದಿ ಪಟ್ಟಿಯಲ್ಲಿ ಉದ್ದ ಗೆರೆಯಿದ್ದರೆ ‘ನಡೆ’, ಗುಂಡು ಉಬ್ಬುಗಳಿದ್ದರೆ ‘ನಿಲ್ಲು’. ಈ ಸ್ಪರ್ಶಪಟ್ಟಿಯನ್ನು ಕಂಡುಹಿಡಿದವರು ಜಪಾನಿನ ಸೇಯಿಚಿ ಮಿಯಾಕೆ. ಮೊದಲು ಹಾಕಿದ್ದು 1967ರ ಮಾರ್ಚ್ 18ರಂದು, ಒಕಾಯಾಮ ನಗರದ ಅಂಧರ ಶಾಲೆಯ ಬಳಿಯ ರಸ್ತೆಯಲ್ಲಿ. ಜಪಾನೂ ಹೊರಗಿನವರಿಂದ ಕಲಿತಿದೆ. ಅಮೆರಿಕದ ಬರ್ಕ್ಲಿಯಲ್ಲಿ ಎಡ್ ರಾಬರ್ಟ್ಸ್ ಮತ್ತು ಗೆಳೆಯರು 1972ರಲ್ಲಿ ಸ್ವತಂತ್ರ ಜೀವನ ಕೇಂದ್ರ ತೆರೆದರು. ನಮ್ಮ ಬದುಕಿನ ತೀರ್ಮಾನ ನಮ್ಮದೇ, ಬೇಕಾದ ನೆರವನ್ನು ನಾವೇ ಗೊತ್ತುಮಾಡಿಕೊಳ್ಳುತ್ತೇವೆ ಎಂಬುದು ಅಲ್ಲಿನ ವಿಚಾರ. ಅದನ್ನು ಕಣ್ಣಾರೆ ಕಂಡು ಬಂದ ಜಪಾನಿನ ವಿಕಲಚೇತನರಿಂದಾಗಿ 1986ರಲ್ಲಿ ಟೋಕಿಯೊ ಬಳಿಯ ಹಚಿಯೋಜಿಯಲ್ಲಿ ಅಂಥದೇ ಕೇಂದ್ರ ಶುರುವಾಯಿತು. ಹೋದವರು ಮರಳಿ ಬಂದದ್ದರಿಂದ ಇದು ಸಾಧ್ಯವಾಯಿತು ಎಂಬುದನ್ನು ನೆನಪಿಡಿ; ಅರ್ಜಿ ಬರೆಯುವಾಗ ಬೇಕಾಗುತ್ತದೆ.

ಹಂತ 1: ಒಂದು ಪ್ರಶ್ನೆಯನ್ನು ಹಿಡಿದುಕೊಳ್ಳಿ

ಅರ್ಜಿಗೆ ಮೊದಲು ಇದನ್ನು ಮಾಡಿ. ನಿಮ್ಮ ತಾಲ್ಲೂಕಿನಲ್ಲಿ ದಿನವೂ ಕಾಡುವ ಒಂದೇ ಒಂದು ಅಡ್ಡಿಯನ್ನು ಆರಿಸಿಕೊಳ್ಳಿ. ‘ವಿಕಲಚೇತನರ ಸಬಲೀಕರಣ’ ಪ್ರಶ್ನೆಯಲ್ಲ, ಬ್ಯಾನರಿನ ಮೇಲಿನ ಪದ. ‘ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಕಿವುಡ ರೈತ ಹರಾಜನ್ನು ಅನುಸರಿಸುವುದು ಹೇಗೆ?’ ಎಂಬುದು ಪ್ರಶ್ನೆ. ‘ಫ್ಲೋರೈಡ್ ನೀರಿನಿಂದ ಮೂಳೆ ಬಿಗಿದುಕೊಂಡ ಪಾವಗಡ, ಬಾಗೇಪಲ್ಲಿ ಕಡೆಯ ಹಿರಿಯರು ಬಸ್ಸಿನ ಮೊದಲ ಮೆಟ್ಟಿಲು ಹತ್ತುವುದು ಹೇಗೆ?’ ಎಂಬುದೂ ಪ್ರಶ್ನೆ. ಇಂಥ ಪ್ರಶ್ನೆಯಿದ್ದವರಿಗೆ ಯಾವ ದೇಶಕ್ಕೆ ಹೋಗಬೇಕು, ಅಲ್ಲಿ ಏನನ್ನು ನೋಡಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ.

ಹಂತ 2: ಕಾಗದಪತ್ರಗಳನ್ನು ಒಂದು ವರ್ಷ ಮೊದಲೇ ಸರಿಮಾಡಿಕೊಳ್ಳಿ

ನನಗೆ ಗೊತ್ತಿರುವಂತೆ ಹೆಚ್ಚು ಜನ ಎಡವುವುದು ಇಲ್ಲಿಯೇ, ಅದೂ ಹೆಸರಿನ ವಿಷಯದಲ್ಲಿ. ನಮ್ಮ ಕಡೆ ಹೆಸರಿನ ಹಿಂದೆ ಮುಂದೆ ಅಪ್ಪನ ಹೆಸರು, ಊರಿನ ಹೆಸರು ಇನಿಷಿಯಲ್ ಆಗಿ ಅಂಟಿಕೊಂಡಿರುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಆರ್.’, ಆಧಾರ್‌ನಲ್ಲಿ ‘ಆರ್. ಮಂಜುನಾಥ್’, ವಿಕಲಚೇತನರ ಗುರುತಿನ ಚೀಟಿಯಲ್ಲಿ ಬರೀ ‘ಮಂಜುನಾಥ’. ಮನೆಯವರಿಗೆ ಮೂವರೂ ಒಬ್ಬನೇ. ವೀಸಾ ಅಧಿಕಾರಿಗೆ ಮೂವರು ಬೇರೆ ಬೇರೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ಲನ್ನು ಬಿಡಿಸಿ ಪೂರ್ತಿಯಾಗಿ ಬರೆಯಬೇಕು. ಹಾಗಾಗಿ ಮೊದಲು ಆಧಾರ್ ತಿದ್ದಿಸಿ, ಅದಕ್ಕೆ ಹೊಂದುವಂತೆ ಉಳಿದವನ್ನು ಸರಿಪಡಿಸಿ, ಆಮೇಲೆ ಪಾಸ್‌ಪೋರ್ಟಿಗೆ ಕೈಹಾಕಿ. ಇಂಗ್ಲಿಷ್ ಅಕ್ಷರಜೋಡಣೆಯೂ ಎಲ್ಲೆಡೆ ಒಂದೇ ಆಗಿರಲಿ.

ಗುರುತಿನ ಚೀಟಿ ಎಂದರೆ ಯುಡಿಐಡಿ ಕಾರ್ಡ್, ಅಂದರೆ ದೇಶವಿಡೀ ನಡೆಯುವ ವಿಶಿಷ್ಟ ಗುರುತಿನ ಚೀಟಿ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಸೂಚಿಸಿದ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಂಡರೆ ಬರುತ್ತದೆ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದಕ್ಕೆ ನೆರವಾಗಬೇಕು. ಅದು ಅವರ ಕೆಲಸ. ಆದರೆ ಈ ಕಾರ್ಡ್ ಭಾರತದ ಗಡಿಯೊಳಗೆ ಮಾತ್ರ ನಡೆಯುತ್ತದೆ. ಹೊರದೇಶದವರಿಗೆ ‘ಅಂಗವೈಕಲ್ಯ ಶೇಕಡಾ 75’ ಎಂದರೆ ಏನೂ ತಿಳಿಯುವುದಿಲ್ಲ. ನಿಮ್ಮ ಸ್ಥಿತಿ, ಬಳಸುವ ಸಾಧನ, ತೆಗೆದುಕೊಳ್ಳುವ ಔಷಧಗಳ ರಾಸಾಯನಿಕ ಹೆಸರು ಇವಿಷ್ಟನ್ನೂ ಇಂಗ್ಲಿಷಿನಲ್ಲಿ ಬರೆದ ವೈದ್ಯರ ಪತ್ರ ಬೇರೆಯಾಗಿ ಇಟ್ಟುಕೊಳ್ಳಿ.

ಪಾಸ್‌ಪೋರ್ಟಿನ ಅರ್ಜಿ ಆನ್‌ಲೈನ್. 36 ಪುಟದ, ಹತ್ತು ವರ್ಷದ ಪುಸ್ತಕಕ್ಕೆ ಶುಲ್ಕ 1,500 ರೂಪಾಯಿ. ಸಹಿ ಮಾಡಲಾಗದವರು ಹೆಬ್ಬೆಟ್ಟು ಒತ್ತಬಹುದು. ಮಧ್ಯವರ್ತಿ ಬೇಕಿಲ್ಲ, ಪರಿಶೀಲನೆಗೆ ಬರುವ ಪೊಲೀಸರಿಗೆ ಏನನ್ನೂ ಕೊಡಬೇಕಿಲ್ಲ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ‘ಇಸಿಆರ್’ ಎಂಬ ಮುದ್ರೆ ಬರುತ್ತದೆ. ಶಾಲೆಗೆ ರ‍್ಯಾಂಪ್ ಇಲ್ಲದ್ದಕ್ಕೆ ಓದು ಬಿಟ್ಟವರು ನಮ್ಮಲ್ಲಿ ಬಹಳ ಮಂದಿ, ಆದ್ದರಿಂದ ಇದನ್ನು ಹೇಳುತ್ತಿದ್ದೇನೆ. ಕೆಲವು ನಿಗದಿತ ದೇಶಗಳಿಗೆ ಕೂಲಿ, ನೌಕರಿಗೆಂದು ಹೋಗುವವರು ವಲಸೆ ಅನುಮತಿ ಪಡೆಯಬೇಕು ಎಂಬುದಷ್ಟೇ ಅದರ ಅರ್ಥ. ವಿನಿಮಯ ಕಾರ್ಯಕ್ರಮಕ್ಕೆ ಅದು ಅಡ್ಡಿಯಲ್ಲ.

ಹಂತ 3: ಎಲ್ಲಿಗೆ ಹೋಗಬಹುದು

ಎಲ್ಲವನ್ನೂ ಪಟ್ಟಿ ಮಾಡುವುದಿಲ್ಲ. ನಮ್ಮ ಕಡೆಯವರು ನಿಜವಾಗಿ ಅರ್ಜಿ ಹಾಕಬಹುದಾದ ಕೆಲವನ್ನು ಹೇಳುತ್ತೇನೆ.

ಜಪಾನಿನ ಡಸ್ಕಿನ್ ನಾಯಕತ್ವ ತರಬೇತಿ, ಏಷ್ಯಾ ಮತ್ತು ಪೆಸಿಫಿಕ್ ಪ್ರದೇಶದ ವಿಕಲಚೇತನ ಯುವಜನರಿಗೆಂದೇ 1999ರಲ್ಲಿ ಶುರುವಾದದ್ದು. ಕೆಲವು ತಿಂಗಳು ಅಲ್ಲಿಯೇ ಇರಬೇಕು. ಮೊದಲು ಜಪಾನಿ ಭಾಷೆ, ಕಿವುಡರಿಗೆ ಜಪಾನಿ ಸಂಜ್ಞಾಭಾಷೆ. ಆಮೇಲೆ ಅಲ್ಲಿನ ವಿಕಲಚೇತನರ ಸಂಘಟನೆಗಳಲ್ಲಿ ಕಲಿಕೆ, ನಡುವೆ ಜಪಾನಿ ಕುಟುಂಬದಲ್ಲಿ ವಾಸ. ಮನೆಬಿಟ್ಟು ಅಷ್ಟು ಕಾಲ, ಮುದ್ದೆ ಸಾರು ಇಲ್ಲದೆ ಇರಬಲ್ಲೆನೇ ಎಂದು ಕೇಳಿಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ, ಸಂದರ್ಶನದಲ್ಲಿ ಕೇಳಬಹುದಾದ ಪ್ರಶ್ನೆ ಇದು.

ಅಮೆರಿಕದ ಆರೆಗಾನ್ ರಾಜ್ಯದ ಯೂಜೀನ್‌ನಲ್ಲಿರುವ ಮೊಬಿಲಿಟಿ ಇಂಟರ್‌ನ್ಯಾಷನಲ್ ಯುಎಸ್‌ಎ ಸಂಸ್ಥೆಯ ಕೆಲಸವೇ ವಿನಿಮಯ ಮತ್ತು ವಿಕಲಚೇತನರ ಹಕ್ಕು. ಗಾಲಿಕುರ್ಚಿ ಬಳಸುವ ಸೂಸನ್ ಸೈಗಲ್ 1981ರಲ್ಲಿ ಕಟ್ಟಿದ ಸಂಸ್ಥೆ. ವಿಕಲಚೇತನ ಮಹಿಳೆಯರಿಗಾಗಿ ಅವರು 1997ರಲ್ಲಿ ಆರಂಭಿಸಿದ ನಾಯಕತ್ವ ಶಿಬಿರದ ಹೆಸರು ‘ವೈಲ್ಡ್’. ಅವಧಿ ಮೂರು ವಾರದ ಆಸುಪಾಸು. ಮನೆಯವರು ತಿಂಗಳುಗಟ್ಟಲೆ ಕಳಿಸಲು ಒಪ್ಪದ ಹೆಣ್ಣುಮಕ್ಕಳಿಗೆ ಇದು ಹೆಚ್ಚು ಸೂಕ್ತ ಎಂದು ನನ್ನ ಅಭಿಪ್ರಾಯ. ಆದರೆ ಇಂಥ ಶಿಬಿರಗಳು ಆಯಾ ವರ್ಷದ ಅನುದಾನದ ಮೇಲೆ ನಿಂತಿರುತ್ತವೆ. ಪ್ರತಿವರ್ಷ ನಡೆಯುತ್ತದೆಂದು ಲೆಕ್ಕ ಹಾಕಿಕೊಂಡು ಕೂರಬೇಡಿ.

ಪದವಿ ಮುಗಿಸಿ ಎರಡು ವರ್ಷ ಕೆಲಸ ಮಾಡಿದವರಿಗೆ ಬ್ರಿಟನ್ನಿನ ಚೀವ್ನಿಂಗ್ ವಿದ್ಯಾರ್ಥಿವೇತನವಿದೆ: ಒಂದು ವರ್ಷದ ಸ್ನಾತಕೋತ್ತರ ಓದು, ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿನಲ್ಲಿರಬೇಕೆಂಬ ಷರತ್ತು. ಯುರೋಪಿನ ಎರಾಸ್ಮಸ್ ಮುಂಡುಸ್ ವಿದ್ಯಾರ್ಥಿವೇತನದಲ್ಲಿ ವಿಕಲಚೇತನರ ಹೆಚ್ಚುವರಿ ಖರ್ಚಿಗೆ ಬೇರೆ ಹಣ ಕೇಳಲು ಅವಕಾಶವಿದೆ. ಕೇಳದೆ ಅದು ಬರುವುದಿಲ್ಲ.

ದೇಶ ಬಿಡದೆಯೂ ವಿನಿಮಯವಾಗುತ್ತದೆ. ತಿರುವನಂತಪುರದ ವೆಳ್ಳಾಯಣಿ ಕೆರೆಯ ದಡದಲ್ಲಿ ಕಾಂತಾರಿ ಎಂಬ ಸಂಸ್ಥೆಯಿದೆ. ಟಿಬೆಟನ್ ಭಾಷೆಗೆ ಬ್ರೈಲ್ ಲಿಪಿ ರೂಪಿಸಿದ ಜರ್ಮನಿಯ ಅಂಧ ಮಹಿಳೆ ಸಬ್ರಿಯೆ ಟೆನ್‌ಬರ್ಕೆನ್ ಮತ್ತು ಪಾಲ್ ಕ್ರೊನೆನ್‌ಬರ್ಗ್ ಸ್ಥಾಪಿಸಿದ್ದು. ಅಲ್ಲಿಯೇ ಉಳಿದು ಏಳು ತಿಂಗಳು ಕಲಿಯಬೇಕು. ಜೊತೆಗೆ ಕಲಿಯುವವರು ಹಲವು ದೇಶಗಳವರು. ಪಾಸ್‌ಪೋರ್ಟ್ ಇನ್ನೂ ಕೈಗೆ ಬಾರದವರು ಬೆಂಗಳೂರಿನಿಂದ ರೈಲು ಹತ್ತಿ ಹೋಗಬಹುದು.

ಎಚ್ಚರಿಕೆ: ‘ನ್ಯೂಯಾರ್ಕಿನ ವಿಶ್ವಸಂಸ್ಥೆ ಸಮ್ಮೇಳನಕ್ಕೆ ನೀವು ಆಯ್ಕೆಯಾಗಿದ್ದೀರಿ, ಹೋಟೆಲ್ ಮುಂಗಡ ಕಳಿಸಿ’ ಎಂಬ ಇಮೇಲ್ ಬಂದರೆ ಅಳಿಸಿಹಾಕಿ. ಒಡಂಬಡಿಕೆಯ ಸದಸ್ಯ ರಾಷ್ಟ್ರಗಳ ಸಮ್ಮೇಳನ ಪ್ರತಿವರ್ಷ ನಡೆಯುವುದು ನಿಜ, ಆದರೆ ಅದಕ್ಕೆ ಮಾನ್ಯತೆ ಪಡೆದ ಸಂಘಟನೆಗಳ ಮೂಲಕ ಹೋಗಬೇಕು. ಮೇಲೆ ಹೇಳಿದಂಥ ಕಾರ್ಯಕ್ರಮಗಳು ‘ಆಯ್ಕೆ ಶುಲ್ಕ’ ಕೇಳುವುದಿಲ್ಲ. ಕೇಳಿದರೆ ಅದು ಮೋಸ.

ಹಂತ 4: ಅರ್ಜಿ, ಮತ್ತು ನಿಮ್ಮ ಅಗತ್ಯಗಳ ಪಟ್ಟಿ

ಪ್ರಬಂಧದ ಮೊದಲ ಸಾಲು ‘ಭಾರತದಲ್ಲಿ 2011ರ ಜನಗಣತಿಯಂತೆ 2.68 ಕೋಟಿ ಅಂಗವಿಕಲರಿದ್ದಾರೆ’ ಎಂದಿದ್ದರೆ ಅಳಿಸಿ. ಎಲ್ಲರೂ ಅದನ್ನೇ ಬರೆಯುತ್ತಾರೆ. ಹಂತ 1ರಲ್ಲಿ ಆರಿಸಿಕೊಂಡ ಪ್ರಶ್ನೆಯಿಂದ ಶುರುಮಾಡಿ. ಅದಕ್ಕೆ ನೀವು ಈವರೆಗೆ ಏನು ಮಾಡಿದಿರಿ, ಎಲ್ಲಿ ಸೋತಿರಿ, ಮರಳಿ ಬಂದು ಏನು ಮಾಡುತ್ತೀರಿ ಎಂದು ಬರೆಯಿರಿ. ಸೋಲನ್ನು ಬರೆಯಲು ಹಿಂಜರಿಯಬೇಡಿ. ‘ಹುಟ್ಟಿನಿಂದ ಕಷ್ಟ ಕಂಡವನು’ ಎಂಬ ಧಾಟಿ ಬೇಡ. ಕನಿಕರಕ್ಕೆ ಅಂಕ ಸಿಗುವುದಿಲ್ಲ. ಭಾಷೆಗಳ ಕಲಂನಲ್ಲಿ ತೆಲುಗನ್ನು ಮರೆಯಬೇಡಿ. ಮುಳಬಾಗಿಲು, ಬಾಗೇಪಲ್ಲಿ, ಪಾವಗಡದವರು ಎರಡು ಭಾಷೆಗಳಲ್ಲಿ ಬದುಕುತ್ತೀರಿ, ಅದು ಅರ್ಹತೆ.

ಇನ್ನು ಅರ್ಜಿಯ ಒಂದು ಪುಟ್ಟ ಕಲಂ, ಈ ಇಡೀ ಲೇಖನ ಬರೆಯಲು ಕಾರಣವಾದದ್ದು: ‘ನಿಮಗೆ ಯಾವ ಸಮಂಜಸ ಹೊಂದಾಣಿಕೆ ಬೇಕು?’ ಸಮಂಜಸ ಹೊಂದಾಣಿಕೆ ಎಂದರೆ, ಉಳಿದವರ ಸರಿಸಮನಾಗಿ ನೀವು ಪಾಲ್ಗೊಳ್ಳಲು ವ್ಯವಸ್ಥೆಯಲ್ಲಿ ಮಾಡಬೇಕಾದ ಬದಲಾವಣೆ. ಅದನ್ನು ಸುಮ್ಮನೆ ನಿರಾಕರಿಸುವುದೇ ತಾರತಮ್ಯ ಎಂದು ಒಡಂಬಡಿಕೆಯೂ ನಮ್ಮ ಅಧಿನಿಯಮವೂ ಹೇಳುತ್ತವೆ. ನಮ್ಮವರು ಈ ಕಲಂನಲ್ಲಿ ಬರೆಯುವುದು ‘ಏನೂ ಇಲ್ಲ’. ಕೇಳಿದರೆ, ‘ಹೇಗೋ ಸುಧಾರಿಸಿಕೊಳ್ಳುತ್ತೇನೆ ಸಾರ್, ಬೇಕು ಎಂದರೆ ಆಯ್ಕೆ ಮಾಡುವುದಿಲ್ಲ’ ಎನ್ನುತ್ತಾರೆ.

ನಾನೂ ಹಾಗೆಯೇ ಬರೆದವನು. ಕ್ಯಾಲಿಪರ್, ಅಂದರೆ ಕಾಲಿಗೆ ಆಧಾರವಾಗಿ ಕಟ್ಟುವ ಸಾಧನ, ಹಾಕಿ ಊರುಗೋಲಿನ ಮೇಲೆ ನಡೆಯುವ ನನಗೆ ಹೊರರಾಜ್ಯದ ತರಬೇತಿಯೊಂದರಲ್ಲಿ ಎರಡನೇ ಮಹಡಿಯ ಕೋಣೆ ಕೊಟ್ಟರು. ಶೌಚಾಲಯ ಕೆಳಗಿತ್ತು. ನಾಲ್ಕು ದಿನ ನೀರು ಕುಡಿಯುವುದನ್ನೇ ಕಡಿಮೆ ಮಾಡಿದೆ. ಅಲ್ಲಿ ಕಲಿತದ್ದರಲ್ಲಿ ಬಾಯಾರಿಕೆ ಬಿಟ್ಟು ಬೇರೇನೂ ನೆನಪಿಲ್ಲ.

‘ಸುಧಾರಿಸಿಕೊಳ್ಳುತ್ತೇನೆ’ ಎಂಬ ಮಾತನ್ನು ನಮಗೆ ಮನೆಯಲ್ಲಿ, ಶಾಲೆಯಲ್ಲಿ, ಬಸ್ಸಿನಲ್ಲಿ ಕಲಿಸಿದ್ದಾರೆ. ಅದನ್ನು ಬಿಡಲು ಅಭ್ಯಾಸ ಬೇಕು. ಈ ಕಲಂ ಮೊದಲ ಅಭ್ಯಾಸ. ಅಳತೆಯ ಸಮೇತ ಬರೆಯಿರಿ.

ಹೀಗೆ ಬೇಡ: ‘ನನಗೆ ಸ್ವಲ್ಪ ಸಹಾಯ ಬೇಕಾಗಬಹುದು.’

ಹೀಗೆ: ‘ಕೈಯಿಂದ ತಳ್ಳುವ ಗಾಲಿಕುರ್ಚಿ ಬಳಸುತ್ತೇನೆ, ಅದರ ಅಗಲ 64 ಸೆಂ.ಮೀ. ಒಂದೇ ಮೆಟ್ಟಿಲಿದ್ದರೂ ಒಬ್ಬರ ನೆರವು ಬೇಕು. ಕಮೋಡ್, ಅದರ ಪಕ್ಕ ಗೋಡೆಗೆ ಹಿಡಿಕೆ, ಸ್ನಾನಕ್ಕೆ ಕೂರುವ ಆಸನ ಬೇಕು. ಮಂಚದ ಎತ್ತರ ಸುಮಾರು 50 ಸೆಂ.ಮೀ. ಇದ್ದರೆ ಯಾರ ಸಹಾಯವೂ ಇಲ್ಲದೆ ಹಾಸಿಗೆಗೆ ದಾಟಿಕೊಳ್ಳುತ್ತೇನೆ. ದಿನಕ್ಕೆ ನಾಲ್ಕು ಬಾರಿ ಮೂತ್ರಕ್ಕೆ ಕ್ಯಾಥೆಟರ್ ಕೊಳವೆ ಬಳಸಬೇಕು, ಪ್ರತಿಬಾರಿ ಹದಿನೈದು ನಿಮಿಷ.’

ಕಿವುಡರಾಗಿದ್ದರೆ ನೀವು ಬಳಸುವುದು ಭಾರತೀಯ ಸಂಜ್ಞಾಭಾಷೆ ಎಂದು ಸ್ಪಷ್ಟವಾಗಿ ಬರೆಯಿರಿ. ಸಂಜ್ಞೆಗಳು ಲೋಕಕ್ಕೆಲ್ಲ ಒಂದೇ ಎಂದು ಕಿವಿ ಕೇಳುವ ಜನ ತಿಳಿದಿರುತ್ತಾರೆ. ಅಮೆರಿಕದ್ದು ಬೇರೆ, ಜಪಾನಿನದು ಬೇರೆ. ಸಂದರ್ಶನಕ್ಕೂ ಅನುವಾದಕರು ಬೇಕೆಂದು ಈಗಲೇ ಕೇಳಿ. ಅಂಧರು ಅರ್ಜಿ ನಮೂನೆಯನ್ನೇ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ, ಓದಬಲ್ಲ ಕಡತವಾಗಿ ಕಳಿಸುವಂತೆ ಕೇಳಬಹುದು. ಸ್ಕ್ಯಾನ್ ಮಾಡಿದ ಚಿತ್ರವನ್ನು ಅದು ಓದುವುದಿಲ್ಲ. ಅಂದಹಾಗೆ ನಮ್ಮಲ್ಲಿ ಹೆಚ್ಚಿನವರು ಬಳಸುವ ಉಚಿತ ಎನ್‌ವಿಡಿಎ ತಂತ್ರಾಂಶ ಆಸ್ಟ್ರೇಲಿಯಾದ ಇಬ್ಬರು ಅಂಧರು ಬರೆದದ್ದು, ಕನ್ನಡವನ್ನೂ ಓದುತ್ತದೆ. ಮಾನಸಿಕ ಅಸ್ವಸ್ಥತೆಯಿಂದ ವಿಕಲಚೇತನರಾದವರು ರೋಗದ ಹೆಸರನ್ನು ಅರ್ಜಿಯಲ್ಲಿ ಹೇಳಲೇಬೇಕೆಂದೇನೂ ಇಲ್ಲ. ‘ದಿನಕ್ಕೆ ಎಂಟು ಗಂಟೆ ನಿದ್ರೆ ತಪ್ಪಬಾರದು, ಒಬ್ಬನೇ ಇರುವ ಕೋಣೆ ಬೇಕು’ ಎಂದು ಅಗತ್ಯವನ್ನು ಹೇಳಿದರೆ ಸಾಕು.

ಸಹಾಯಕರ ಪ್ರಶ್ನೆ. ವೈಯಕ್ತಿಕ ಸಹಾಯಕ ಎಂದರೆ ನೀವು ಹೇಳಿದ ಹಾಗೆ, ನೀವು ಹೇಳಿದಷ್ಟು ನೆರವಾಗುವವರು. ನಿಮ್ಮ ಪರವಾಗಿ ಮಾತನಾಡುವವರಲ್ಲ. ಕೆಲವು ಕಾರ್ಯಕ್ರಮಗಳು ಸಹಾಯಕರ ಖರ್ಚು ಕೊಡುತ್ತವೆ, ಕೆಲವು ಅಲ್ಲಿನವರನ್ನೇ ನೇಮಿಸುತ್ತವೆ, ಕೆಲವು ಎರಡನ್ನೂ ಮಾಡುವುದಿಲ್ಲ. ಅರ್ಜಿಗೆ ಮೊದಲೇ ಇಮೇಲ್‌ನಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ. ಅಣ್ಣನನ್ನು ಕರೆದೊಯ್ಯುವ ಬಗ್ಗೆ ನನ್ನ ಮಾತು ಕೇಳುವುದಾದರೆ, ಆದಷ್ಟು ಬೇಡ. ಮನೆಯವರು ಜೊತೆಗಿದ್ದರೆ ಅಲ್ಲಿಯೂ ಪ್ರಶ್ನೆಗೆ ಉತ್ತರ ಹೇಳುವವರು ಅವರೇ ಆಗುತ್ತಾರೆ.

ಹಂತ 5: ಸಂದರ್ಶನ

ಸಾಮಾನ್ಯವಾಗಿ ವಿಡಿಯೊ ಕರೆ. ನಿಮ್ಮ ಊರಿನ ನೆಟ್‌ವರ್ಕ್ ಬಗ್ಗೆ ನಂಬಿಕೆಯಿಲ್ಲದಿದ್ದರೆ ತಾಲ್ಲೂಕು ಕೇಂದ್ರದಲ್ಲಿ ಯಾರದಾದರೂ ಕಚೇರಿ ಗೊತ್ತುಮಾಡಿಕೊಳ್ಳಿ. ಇಂಗ್ಲಿಷ್ ತಪ್ಪಿಗೆ ಯಾರೂ ನಗುವುದಿಲ್ಲ. ಉತ್ತರವನ್ನು ಬಾಯಿಪಾಠ ಮಾಡಿ ಒಪ್ಪಿಸಿದರೆ ಗೊತ್ತಾಗಿಬಿಡುತ್ತದೆ.

ಹಂತ 6: ನೌಕರರಿಗೆ ಮತ್ತು ಸಂಘದವರಿಗೆ

ಮೀಸಲಾತಿಯಲ್ಲಿ ಸರ್ಕಾರಿ ಕೆಲಸಕ್ಕೆ ಸೇರಿದ ವಿಕಲಚೇತನರು ಬಹಳ ಮಂದಿ ಇದ್ದೀರಿ. ವಿದೇಶಿ ಸಂಸ್ಥೆ ಟಿಕೆಟು, ಊಟ, ವಸತಿ ಕೊಡುವುದನ್ನು ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆ 2010, ಅಂದರೆ ಎಫ್‌ಸಿಆರ್‌ಎ, ‘ವಿದೇಶಿ ಆತಿಥ್ಯ’ ಎನ್ನುತ್ತದೆ. ಸರ್ಕಾರಿ ನೌಕರರು ಅದನ್ನು ಸ್ವೀಕರಿಸಲು ಕೇಂದ್ರ ಗೃಹ ಸಚಿವಾಲಯದ ಪೂರ್ವಾನುಮತಿ ಬೇಕು. ಇದರ ಜೊತೆಗೆ ನಿಮ್ಮ ಇಲಾಖೆಯ ನಿರಾಕ್ಷೇಪಣಾ ಪತ್ರ ಮತ್ತು ರಜೆ. ಇಲಾಖೆಯ ಕಡತ ಎಷ್ಟು ನಿಧಾನ ಎಂದು ನಿಮಗೆ ನಾನು ಹೇಳಬೇಕಿಲ್ಲ.

ಸಂಘದ ಹೆಸರಿನಲ್ಲಿ ವಿದೇಶಿ ಹಣ ಬರುವುದಾದರೆ ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಇರಲೇಬೇಕು. ನೋಂದಣಿಯಿದ್ದರೂ ಹಣ ಮೊದಲು ಬರಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. 2020ರ ತಿದ್ದುಪಡಿಯ ನಂತರ ಒಂದು ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ. ‘ಸದ್ಯಕ್ಕೆ ಕಾರ್ಯದರ್ಶಿಯ ಸ್ವಂತ ಖಾತೆಗೆ ಹಾಕಿಸಿಕೊಳ್ಳೋಣ’ ಎಂಬ ಸಲಹೆ ಯಾರಾದರೂ ಕೊಟ್ಟರೆ ಆ ಸಭೆಯಿಂದ ಎದ್ದು ಬನ್ನಿ.

ಹಂತ 7: ಪ್ರಯಾಣ

ಜಪಾನಿನ ದೂತಾವಾಸ ಕಚೇರಿ ಬೆಂಗಳೂರಿನಲ್ಲೇ ಇದೆ. ಅಮೆರಿಕದ ವೀಸಾ ಸಂದರ್ಶನಕ್ಕೆ ನಮ್ಮವರು ಚೆನ್ನೈಗೋ ಹೈದರಾಬಾದಿಗೋ ಹೋಗುವುದು ರೂಢಿ. ಆ ಖರ್ಚನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ವಿಮಾನ ನಿಲ್ದಾಣಕ್ಕೆ ಬೆಂಗಳೂರಿನ ಒಳಗೆ ಹಾಯಬೇಕಿಲ್ಲ. ತುಮಕೂರಿನವರು ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ, ಕೋಲಾರದವರು ಹೊಸಕೋಟೆ, ಸೂಲಿಬೆಲೆಯ ಮೇಲೆ ದೇವನಹಳ್ಳಿ ಸೇರಬಹುದು. ಚಿಕ್ಕಬಳ್ಳಾಪುರದವರಿಗೆ ನೆಟ್ಟಗೆ ಹೆದ್ದಾರಿ. ದಟ್ಟಣೆಯಲ್ಲಿ ಮೂರು ಗಂಟೆ ಕುಳಿತು ಶೌಚಾಲಯಕ್ಕೆ ಪರದಾಡುವುದು ತಪ್ಪುತ್ತದೆ.

ಟಿಕೆಟ್ ಕೈಗೆ ಬಂದ ಕೂಡಲೇ ವಿಮಾನ ಸಂಸ್ಥೆಗೆ ನಿಮ್ಮ ಅಗತ್ಯ ತಿಳಿಸಿ; ಕನಿಷ್ಠ 48 ಗಂಟೆ ಮೊದಲು. ಅವರು ಬಳಸುವ ಸಂಕೇತ ತಿಳಿದಿರಲಿ. ‘ಡಬ್ಲ್ಯುಸಿಎಚ್‌ಆರ್’ ಎಂದರೆ ಮೆಟ್ಟಿಲು ಹತ್ತಬಲ್ಲೆ, ದೂರ ನಡೆಯಲಾರೆ. ‘ಡಬ್ಲ್ಯುಸಿಎಚ್‌ಎಸ್’ ಎಂದರೆ ಮೆಟ್ಟಿಲೂ ಹತ್ತಲಾರೆ, ವಿಮಾನದೊಳಗೆ ನಡೆಯಬಲ್ಲೆ. ‘ಡಬ್ಲ್ಯುಸಿಎಚ್‌ಸಿ’ ಎಂದರೆ ಆಸನದವರೆಗೂ ಕುರ್ಚಿ ಬೇಕು. ಇಲ್ಲಿಯೂ ‘ಸುಧಾರಿಸಿಕೊಳ್ಳುತ್ತೇನೆ’ ಎಂದು ಮೊದಲನೆಯದನ್ನು ಹೇಳಿದರೆ ವಿಮಾನದ ಬಾಗಿಲಲ್ಲಿ ಅವಮಾನ ಕಾದಿರುತ್ತದೆ. ಅಂಗವೈಕಲ್ಯದ ಕಾರಣಕ್ಕೆ ಪ್ರಯಾಣ ನಿರಾಕರಿಸುವಂತಿಲ್ಲ. ಆರೋಗ್ಯದ ಅನುಮಾನವಿದ್ದರೆ ವೈದ್ಯರಿಂದ ಪರೀಕ್ಷಿಸಿಯೇ ತೀರ್ಮಾನಿಸಬೇಕು ಎಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2022ರಲ್ಲಿ ನಿಯಮ ತಿದ್ದಿದೆ. ಅದರ ಪ್ರತಿ ಮೊಬೈಲ್‌ನಲ್ಲಿರಲಿ.

ಬ್ಯಾಟರಿ ಕುರ್ಚಿಯವರು ಗಮನಿಸಿ. ಕಳಚಿ ತೆಗೆಯುವ ಲಿಥಿಯಂ ಬ್ಯಾಟರಿಗೆ ಸಾಮಾನ್ಯ ಮಿತಿ 300 ವಾಟ್-ಅವರ್, ಎರಡಿದ್ದರೆ ತಲಾ 160. ಬ್ಯಾಟರಿಯ ಮೇಲಿನ ಚೀಟಿಯ ಫೋಟೊ ಮೊದಲೇ ಕಳಿಸಿ. ಕುರ್ಚಿ ಮುರಿದರೆ ಪರಿಹಾರಕ್ಕೆ ಮಿತಿಯಿದೆ, ಏಕೆಂದರೆ 1999ರ ಮಾಂಟ್ರಿಯಲ್ ಒಪ್ಪಂದದ ಲೆಕ್ಕದಲ್ಲಿ ಗಾಲಿಕುರ್ಚಿಯೂ ಒಂದು ಸಾಮಾನು. ನಮ್ಮ ಕಾಲನ್ನೇ ಸೂಟ್‌ಕೇಸಿನ ಸಾಲಿಗೆ ಸೇರಿಸಿದ್ದಾರೆ ಎಂದು ಸಿಟ್ಟು ಬರುತ್ತದೆ, ನಿಜ. ಸದ್ಯಕ್ಕೆ ಮಾಡಬಹುದಾದದ್ದು: ದುಬಾರಿ ಕುರ್ಚಿಯಾಗಿದ್ದರೆ ಚೆಕ್-ಇನ್ ವೇಳೆಯಲ್ಲೇ ಅದರ ನಿಜ ಬೆಲೆಯ ‘ವಿಶೇಷ ಘೋಷಣೆ’ ಸಲ್ಲಿಸಿ, ಒಪ್ಪಿಸುವ ಮೊದಲು ನಾಲ್ಕೂ ಕಡೆಯ ಫೋಟೊ ತೆಗೆದುಕೊಳ್ಳಿ.

ಔಷಧದ ಬಗ್ಗೆ ಅಸಡ್ಡೆ ಬೇಡ. ಜಪಾನಿಗೆ ಒಂದು ತಿಂಗಳಿಗಿಂತ ಹೆಚ್ಚಿನ ಔಷಧ ಒಯ್ಯಲು ಮುಂಚಿತವಾಗಿ ಅನುಮತಿ ಪತ್ರ ಪಡೆಯಬೇಕು. ನಮ್ಮಲ್ಲಿ ಸಲೀಸಾಗಿ ಸಿಗುವ ಕೆಲವು ಶೀತ, ಕೆಮ್ಮಿನ ಔಷಧಗಳ ಅಂಶಗಳಿಗೆ ಅಲ್ಲಿ ನಿರ್ಬಂಧವಿದೆ. ಮೂರ್ಛೆ ರೋಗದ, ಮನೋರೋಗದ ಮಾತ್ರೆ ತೆಗೆದುಕೊಳ್ಳುವವರು ಆತಿಥೇಯ ಸಂಸ್ಥೆಗೆ ಪಟ್ಟಿ ಕಳಿಸಿ ಒಂದೊಂದನ್ನೂ ಕೇಳಿಕೊಳ್ಳಿ.

ವಿದ್ಯುತ್ತೂ ಬೇರೆ: ಇಲ್ಲಿ 230 ವೋಲ್ಟ್, ಜಪಾನಿನಲ್ಲಿ 100, ಅಮೆರಿಕದಲ್ಲಿ 120. ಚಾರ್ಜರ್ ಮೇಲೆ ‘100–240’ ಎಂದಿದ್ದರೆ ಪ್ಲಗ್ ಬದಲಿಸಿದರೆ ಸಾಕು. ಇಲ್ಲದಿದ್ದರೆ ಬೇರೆ ಚಾರ್ಜರ್ ಬೇಕು. ಕ್ಯಾಲಿಪರ್ ಹಾಕುವವರು ಬಕಲ್, ಪಟ್ಟಿ, ಊರುಗೋಲಿನ ರಬ್ಬರ್ ಬಿರಡೆಗಳನ್ನು ಎರಡೆರಡು ಜೊತೆ ಇಟ್ಟುಕೊಳ್ಳಿ. ಮಾಸಾಶನ ಪಡೆಯುವವರು ಹೊರಡುವ ಮುನ್ನ ನಾಡಕಚೇರಿಯಲ್ಲಿ ವಿಚಾರಿಸಿ, ನೀವಿಲ್ಲದಾಗ ಯಾವ ಪರಿಶೀಲನೆಯೂ ತಪ್ಪಿಹೋಗದಂತೆ ನೋಡಿಕೊಳ್ಳಿ.

ಹಂತ 8: ಅಲ್ಲಿರುವಾಗ

ದಿನಚರಿ ಬರೆಯಿರಿ, ಅಳತೆ ಬರೆಯಿರಿ. ಒಳ್ಳೆಯ ರ‍್ಯಾಂಪ್ ಕಂಡರೆ ಫೋಟೊ ಮಾತ್ರ ತೆಗೆಯದೆ ಉದ್ದ, ಎತ್ತರ ಅಳೆಯಿರಿ. ಅದನ್ನು ಕಟ್ಟಲು ಯಾರು ಒತ್ತಾಯಿಸಿದರು, ಎಷ್ಟು ವರ್ಷ ಹಿಡಿಯಿತು ಎಂದು ಕೇಳಿ. ಅಲ್ಲಿ ಎಲ್ಲವೂ ಮೊದಲಿನಿಂದ ಹೀಗೆಯೇ ಇತ್ತು ಎಂಬ ಭ್ರಮೆ ಆಗ ಕರಗುತ್ತದೆ. ಅವರ ಕೊರತೆಗಳನ್ನೂ ಬರೆದುಕೊಳ್ಳಿ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ವಿಕಲಚೇತನರಿಗೆಂದು ಶೇಕಡಾ 5ರಷ್ಟು ಹಣ ತೆಗೆದಿಡಬೇಕೆಂಬ ವ್ಯವಸ್ಥೆಯಿದೆ, ಪಂಚಾಯಿತಿ ಮಟ್ಟದಲ್ಲೇ ಒಬ್ಬ ಕಾರ್ಯಕರ್ತರಿದ್ದಾರೆ ಎಂದು ಹೇಳಿ. ಕೊಡುವವರಾಗಿಯೂ ಹೋಗಿದ್ದೀರಿ, ಬರೀ ಕೈಯೊಡ್ಡಲು ಅಲ್ಲ.

ಹಂತ 9: ಮರಳಿದ ಮೇಲೆ ಮೊದಲ ಮೂರು ತಿಂಗಳು

ಸನ್ಮಾನಗಳು ನಡೆಯುತ್ತವೆ. ಒಂದೆರಡಕ್ಕೆ ಹೋಗಿ, ಸಾಕು. ಆಮೇಲೆ ಗ್ರಾಮಸಭೆಗೆ ಹೋಗಿ ಆ ಶೇಕಡಾ 5ರ ಲೆಕ್ಕ ಕೇಳಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ: ಶುಲ್ಕ 10 ರೂಪಾಯಿ, ಕರ್ನಾಟಕದ ನಿಯಮದಂತೆ 150 ಪದಗಳ ಮಿತಿ, ಒಂದು ಅರ್ಜಿಗೆ ಒಂದೇ ವಿಷಯ. ಮೂರು ವಿಷಯ ತುಂಬಿದರೆ ತಿರಸ್ಕರಿಸಲು ನೆಪ ಸಿಗುತ್ತದೆ.

ಅಲ್ಲಿ ಅಳೆದು ತಂದ ರ‍್ಯಾಂಪಿನ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಮ್ಮ ಮಾರ್ಗಸೂಚಿಯಂತೆ ಇಳಿಜಾರು 1:12. ಕಚೇರಿಯ ಕಟ್ಟೆ 45 ಸೆಂ.ಮೀ. ಎತ್ತರವಿದ್ದರೆ ರ‍್ಯಾಂಪ್ 5.4 ಮೀಟರ್ ಉದ್ದ ಇರಬೇಕು. ನಮ್ಮಲ್ಲಿ ಕಟ್ಟಿರುವ ಹಲವು ರ‍್ಯಾಂಪುಗಳು ಮಕ್ಕಳ ಜಾರುಬಂಡೆಗಳು. ಟೇಪ್ ಹಿಡಿದು ಅಳೆದು, ಫೋಟೊ ಸಮೇತ, 2016ರ ಅಧಿನಿಯಮದ 44 ಮತ್ತು 45ನೇ ಪ್ರಕರಣಗಳನ್ನು ಉಲ್ಲೇಖಿಸಿ ಬರೆಯಿರಿ. ಮೊದಲನೆಯದು ನಿಯಮದಂತೆ ಕಟ್ಟದ ಹೊಸ ಕಟ್ಟಡಕ್ಕೆ ಪೂರ್ಣತೆಯ ಪ್ರಮಾಣಪತ್ರ ಕೊಡಬಾರದು ಎನ್ನುತ್ತದೆ. ಎರಡನೆಯದು ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಕಾಲಮಿತಿಯೊಳಗೆ ಸರಿಪಡಿಸಬೇಕು ಎನ್ನುತ್ತದೆ. ಜಿಲ್ಲೆಯಲ್ಲಿ ಕೆಲಸವಾಗದಿದ್ದರೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು.

ಹೋಗಿ ಬಂದವರು ಒಬ್ಬರಾದರೂ ಇನ್ನೊಬ್ಬರ ಅರ್ಜಿ ತಿದ್ದಿಕೊಡಿ. ಅದರಲ್ಲೂ ಅಗತ್ಯಗಳ ಕಲಂ.

ಹಂತ 10: ಅವರನ್ನು ಇಲ್ಲಿಗೆ ಕರೆಸುವುದು

ಸಂಪರ್ಕ ಬೆಳೆದ ಮೇಲೆ ಅಲ್ಲಿನವರು ಬರಲು ಬಯಸುತ್ತಾರೆ. ಯಾವ ಬಗೆಯ ವೀಸಾ ಎಂಬುದನ್ನು ಅವರ ದೇಶದ ಭಾರತೀಯ ರಾಯಭಾರ ಕಚೇರಿಯಲ್ಲಿ ಮೊದಲೇ ಬರೆದು ಕೇಳಲಿ. ಪ್ರವಾಸಿ ವೀಸಾದಲ್ಲಿ ಬಂದು ತರಬೇತಿ ನಡೆಸಿ ತೊಂದರೆಗೆ ಸಿಲುಕಬಾರದು. ವಿದೇಶಿಯರು ನಿಮ್ಮ ಮನೆಯಲ್ಲಿ ಉಳಿದುಕೊಂಡರೂ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಅಧಿಕಾರಿಗೆ ಆನ್‌ಲೈನ್ ಮಾಹಿತಿ ಕೊಡಬೇಕು. ಬೆಂಗಳೂರಿನ ಹೊರಗೆ ಸಾಮಾನ್ಯವಾಗಿ ಆ ಅಧಿಕಾರ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯದು.

ಲಾಡ್ಜ್ ಗೊತ್ತುಮಾಡುವಾಗ ‘ಲಿಫ್ಟ್ ಇದೆ’ ಎಂಬ ಮಾತನ್ನು ನಂಬಬೇಡಿ. ಲಿಫ್ಟಿಗೆ ಮುಂಚೆ ನಾಲ್ಕು ಮೆಟ್ಟಿಲು ಇರುತ್ತವೆ. ಖುದ್ದಾಗಿ ಹೋಗಿ ಸ್ನಾನಗೃಹದ ಬಾಗಿಲಿನ ಅಗಲ ಅಳೆಯಿರಿ. ಅತಿಥಿಯ ಕುರ್ಚಿಯ ಅಗಲವನ್ನು ಅವರಿಂದಲೇ ಕೇಳಿ ತಿಳಿದುಕೊಳ್ಳಿ. ಸಭೆಗೆ ಸಂಜ್ಞಾಭಾಷೆಯ ಅನುವಾದಕರನ್ನು ಒಂದು ತಿಂಗಳು ಮೊದಲೇ ಗೊತ್ತುಮಾಡಿ, ಎರಡು ಗಂಟೆಗಿಂತ ಉದ್ದದ ಕಾರ್ಯಕ್ರಮವಾದರೆ ಇಬ್ಬರು ಬೇಕು. ಇನ್ನು ವೇದಿಕೆ. ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಇರಲಿ. ಆದರೆ ಗಾಲಿಕುರ್ಚಿಯ ಅತಿಥಿಯನ್ನು ನಾಲ್ವರು ಎತ್ತಿ ಮೇಲೇರಿಸುವುದು ಸತ್ಕಾರವಲ್ಲ. ವೇದಿಕೆಗೆ ರ‍್ಯಾಂಪ್ ಇಲ್ಲದಿದ್ದರೆ ಅಧ್ಯಕ್ಷತೆ ವಹಿಸಿದವರದೂ ಸೇರಿ ಎಲ್ಲರ ಕುರ್ಚಿಗಳನ್ನೂ ಕೆಳಗೇ ಹಾಕಿಸಿ.